ಹಳೆಯ ಕಾರಿನ ಹೀಟರಿನ ಸದ್ದುಗಳು: ಪತ್ತೆ ಮತ್ತು ಪರಿಹಾರ

ಮಳೆಗಾಲಕ್ಕೆ ಮುಂಚೆ ಔಷಧಿ ಹೊಡೆಯುವ ಪಂಪನ್ನು ಬಿಚ್ಚಿ ವಾಷರು ನೋಡುವ ನಾವು, ಮನೆಯ ಕಾರು ಜೀಪುಗಳ ಹೀಟರಿನ ಕಡೆ ಮಾತ್ರ ಕಣ್ಣು ಹಾಯಿಸುವುದಿಲ್ಲ. ಮಲೆನಾಡಿನಲ್ಲಿ ಹೀಟರು ಕೇವಲ ಚಳಿ ಕಾಯಿಸುವ ಸುಖಸಾಧನವಲ್ಲ. ಆಷಾಢದ ಮಳೆಯಲ್ಲಿ, ಘಟ್ಟದ ಮಂಜಿನಲ್ಲಿ ಮುಂದಿನ ಗಾಜಿನ ಮಬ್ಬನ್ನು ತೆಗೆಯುವುದು ಅದೇ. ಮೇಲಾಗಿ ಅದರಲ್ಲಿ ಹರಿಯುವುದು ಇಂಜಿನ್ನಿನದೇ ನೀರು. ಆದ್ದರಿಂದ ಹೀಟರಿನ ಸದ್ದನ್ನು ಅಲಕ್ಷ್ಯ ಮಾಡಿದರೆ ಕೆಲವೊಮ್ಮೆ ಇಂಜಿನ್ನೇ ಕೈಬಿಟ್ಟುಹೋಗುತ್ತದೆ.

ರಚನೆ

ಇಂಜಿನ್ನನ್ನು ತಂಪಾಗಿಡುವ ನೀರಿನ ಒಂದು ಭಾಗ ಎರಡು ರಬ್ಬರ್ ಹೋಸುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಸಣ್ಣ ರೇಡಿಯೇಟರಿಗೆ ಹೋಗಿ ಹಿಂದಿರುಗುತ್ತದೆ. ಒಂದು ಫ್ಯಾನು ಅದರ ಮೂಲಕ ಗಾಳಿ ಊದುತ್ತದೆ. ಒಳಗಿನ ಮುಚ್ಚಳಗಳು ಆ ಗಾಳಿಯನ್ನು ಗಾಜಿಗೋ ಕಾಲಿಗೋ ತಿರುಗಿಸುತ್ತವೆ. ನೀರು, ಫ್ಯಾನು, ಮುಚ್ಚಳ: ಸದ್ದು ಈ ಮೂರರಲ್ಲಿ ಒಂದರದ್ದು.

ಮೊದಲ ಪರೀಕ್ಷೆ

ಇಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ ಫ್ಯಾನನ್ನು ಒಂದೊಂದೇ ವೇಗದಲ್ಲಿ ಹಾಕಿರಿ. ವೇಗದೊಡನೆ ಸದ್ದೂ ಏರಿದರೆ ದೋಷ ಫ್ಯಾನಿನದು. ಬಳಿಕ ಫ್ಯಾನನ್ನು ನಿಲ್ಲಿಸಿ ಇಂಜಿನ್ ಚಾಲೂ ಮಾಡಿರಿ. ಆಕ್ಸಿಲರೇಟರ್ ಒತ್ತಿದಾಗ ಡ್ಯಾಶ್‌ಬೋರ್ಡಿನ ಹಿಂದೆ ನೀರಿನ ಸದ್ದು ಕೇಳಿದರೆ ದೋಷ ನೀರಿನದು. ಹೀಟರಿನ ಗುಂಡಿ ಅಥವಾ ಸನ್ನೆಯನ್ನು ಸರಿಸಿದಾಗ ಮಾತ್ರ ಟಕ್ ಟಕ್ ಎಂದರೆ ಮುಚ್ಚಳದ ಕೇಬಲ್ಲು ಸಡಿಲವಾಗಿದೆ, ಇಲ್ಲವೆ ಅದನ್ನು ತಿರುಗಿಸುವ ಪ್ಲಾಸ್ಟಿಕ್ ಹಲ್ಲುಗಳು ಸವೆದಿವೆ. ಇದು ಅವಸರದ ಕೆಲಸವಲ್ಲ. ಆದರೆ ಗಾಳಿ ಗಾಜಿಗೆ ಬರುವುದು ನಿಂತಿದ್ದರೆ ತಡಮಾಡಬಾರದು.

ಫ್ಯಾನಿನ ಸದ್ದುಗಳು

1. ಟರ್ ಟರ್ ಸದ್ದು: ಫ್ಯಾನಿಗೆ ಎಲೆ, ಕಡ್ಡಿ ತಾಗುತ್ತಿದೆ. ಸಿಲ್ವರ್ ಮರದ ಕೆಳಗೆ ನಿಲ್ಲಿಸುವ ವಾಹನಗಳಲ್ಲಿ ಗಾಜಿನ ಬುಡದ ಜಾಲರಿಯಿಂದ ಕಸ ಒಳಗಿಳಿಯುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಫ್ಯಾನನ್ನು ಬಿಚ್ಚಿ ಶುಚಿ ಮಾಡಬೇಕು. ಬಹುತೇಕ ಗಾಡಿಗಳಲ್ಲಿ ಅದು ಎಡಗಡೆ ಡ್ಯಾಶ್‌ಬೋರ್ಡಿನ ಕೆಳಗೆ ಕೆಲವೇ ಸ್ಕ್ರೂಗಳಲ್ಲಿ ನಿಂತಿರುತ್ತದೆ. ಒಳಗೆ ಇಲಿಯ ಗೂಡಿದ್ದರೆ ಬರಿಗೈ ಹಾಕಬಾರದು. ಕೈಗವಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಗೂಡನ್ನು ಸ್ವಲ್ಪ ಒದ್ದೆ ಮಾಡಿ ತೆಗೆದು ಹೂಳಬೇಕು. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ.

2. ಕೀಚಲು ಸದ್ದು: ಮೋಟಾರಿನ ಬುಷ್ ಒಣಗಿದೆ. ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಸಾಕು. ಶಾಫ್ಟು ಅಲುಗಾಡುತ್ತಿದ್ದರೆ ಎಣ್ಣೆಯಿಂದ ಫಲವಿಲ್ಲ, ಮೋಟಾರನ್ನೇ ಬದಲಿಸಬೇಕು.

ನೀರಿನ ಸದ್ದು

ಬಾಟಲಿಯಿಂದ ನೀರು ಸುರಿದಂತೆ ಗುಳುಗುಳು ಸದ್ದಾದರೆ ಪೈಪಿನಲ್ಲಿ ಗಾಳಿ ಸೇರಿದೆ, ಅರ್ಥಾತ್ ನೀರು ಕಡಿಮೆಯಾಗಿದೆ. ನಮ್ಮ ಜೀಪಿನಲ್ಲಿ ಈ ಸದ್ದು ಒಂದು ತಿಂಗಳು ಕೇಳಿಸಿತು. ನಾವು ವಾರಕ್ಕೊಮ್ಮೆ ನೀರು ಹೊಯ್ದು ಸುಮ್ಮನಾದೆವು. ಘಟ್ಟ ಹತ್ತುವಾಗ ಒಂದು ಸಂಜೆ ಹೀಟರಿನಿಂದ ತಣ್ಣನೆಯ ಗಾಳಿ ಬಂತು. ಮುಳ್ಳು ಏರಿರಲಿಲ್ಲವಾದ್ದರಿಂದ ನಿಲ್ಲಿಸಲಿಲ್ಲ. ನೀರು ತೀರಾ ಇಳಿದಾಗ ಮುಳ್ಳಿನ ಸೆನ್ಸರಿಗೆ ನೀರೇ ತಾಗದೆ ಅದು ಸುಳ್ಳು ಹೇಳಬಹುದೆಂದು ಆಗ ನಮಗೆ ತಿಳಿದಿರಲಿಲ್ಲ. ಇಂಜಿನ್ನಿನ ಹೆಡ್ ಸೊಟ್ಟಗಾಗಿ, ಆ ವರ್ಷದ ಮೆಣಸಿನ ಹಣ ರಿಪೇರಿಗೆ ಹೋಯಿತು. ಬಿಸಿ ಇಂಜಿನ್ನಿನಲ್ಲಿ ಹೀಟರು ಏಕಾಏಕಿ ತಣ್ಣಗಾದರೆ ಕೂಡಲೇ ನಿಲ್ಲಿಸಿರಿ.

ಗಾಳಿ ತೆಗೆಯುವ ಕ್ರಮ: ಇಂಜಿನ್ ಪೂರ್ಣ ತಣ್ಣಗಿರುವಾಗ ಮಾತ್ರ ಮುಚ್ಚಳ ತೆಗೆಯಬೇಕು. ಬಿಸಿಯಲ್ಲಿ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ವಾಹನದ ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿರಿ. ಹೀಟರನ್ನು ಪೂರ್ಣ ಬಿಸಿಗಿಟ್ಟು ಇಂಜಿನ್ನನ್ನು ನಿಧಾನವಾಗಿ ಓಡಿಸಿರಿ. ಗುಳ್ಳೆಗಳು ಬಂದು ಮಟ್ಟ ಇಳಿದಂತೆಲ್ಲ ಕೂಲೆಂಟ್ ಹೊಯ್ಯಿರಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಮತ್ತೊಮ್ಮೆ ಇಳಿಯುತ್ತದೆ. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿರಿ. ಗಾಳಿ ಬಿಡುವ ಸ್ಕ್ರೂ ಇರುವ ಗಾಡಿಗಳಲ್ಲಿ ಕೈಪಿಡಿಯ ಕ್ರಮವನ್ನು ಅನುಸರಿಸಬೇಕು.

ಸದ್ದು ಮರುಕಳಿಸಿದರೆ ನೀರು ಎಲ್ಲೋ ಸೋರುತ್ತಿದೆ. ಎಡಗಡೆ ಚಾಪೆ ಒದ್ದೆಯಾಗಿ ಅಂಟಂಟಾಗಿದ್ದು, ಸಿಹಿ ವಾಸನೆ ಬಂದು, ಗಾಜಿಗೆ ಜಿಡ್ಡಿನ ಮಬ್ಬು ಹಿಡಿದರೆ ಹೀಟರಿನ ರೇಡಿಯೇಟರ್ ತೂತಾಗಿದೆ. ಅಂಟಿಲ್ಲದಿದ್ದರೆ ಅದು ಮಳೆನೀರೂ ಆಗಿರಬಹುದು. ಹೊರಗೆ ಹೋಸುಗಳು, ವಾಟರ್ ಪಂಪು ನೋಡಿರಿ. ಎಲ್ಲೂ ತೊಟ್ಟಿಕ್ಕದೆ, ರೇಡಿಯೇಟರಿನಲ್ಲಿ ಗುಳ್ಳೆಗಳು ನಿಲ್ಲದೆ, ಆಯಿಲ್ ಅಳೆಯುವ ಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಶಂಕಿಸಬೇಕು. ಅಂಥ ಗಾಡಿಯನ್ನು ಓಡಿಸದೆ ಎಳೆಸಿಕೊಂಡು ಹೋಗುವುದೇ ಲಾಭ.

ಕೊನೆಯ ಎಚ್ಚರಿಕೆ

ತೆಗೆದ ಕೂಲೆಂಟನ್ನು ತೆರೆದ ಪಾತ್ರೆಯಲ್ಲಿ ಬಿಡಬೇಡಿರಿ, ತೋಡಿಗೆ ಚೆಲ್ಲಬೇಡಿರಿ. ಅದರ ಸಿಹಿಗೆ ನಾಯಿ, ಕರುಗಳು ಬಾಯಿ ಹಾಕುತ್ತವೆ. ಅದು ವಿಷ. ಮೇ ತಿಂಗಳಲ್ಲಿ ಜಾಲರಿಯ ಎಲೆ ತೆಗೆದು, ಹೋಸುಗಳನ್ನು ಹಿಸುಕಿ ನೋಡಿ, ಕೂಲೆಂಟಿನ ಮಟ್ಟ ನೋಡಲು ಅರ್ಧ ಗಂಟೆ ಸಾಕು. ಸದಸ್ಯರು ಈ ಅರ್ಧ ಗಂಟೆಯನ್ನು ಮಳೆ ಹಿಡಿಯುವ ಮೊದಲೇ ಬಿಡುವು ಮಾಡಿಕೊಳ್ಳಬೇಕೆಂದು ಕೋರುತ್ತೇವೆ.