ಶೇಕಡಾ ಲೆಕ್ಕ ತಪ್ಪದ ಕೋಡ್‌ಗೆ ಎಂಟು ಸೂತ್ರಗಳು

ಎರಡು ಸಂಖ್ಯೆಗಳ ನಡುವಿನ ಏರಿಳಿತವನ್ನು ಶೇಕಡಾದಲ್ಲಿ ಹೇಳಲು ಒಂದೇ ಸಾಲಿನ ಕೋಡ್ ಸಾಕು. ಆ ಸಾಲು ತಪ್ಪಿದ್ದರೂ ಪ್ರೋಗ್ರಾಂ ಸಾಮಾನ್ಯವಾಗಿ ನಿಲ್ಲುವುದಿಲ್ಲ. ತಪ್ಪು ಅಂಕಿಯನ್ನೇ ತೋರಿಸುತ್ತದೆ, ಅದನ್ನು ನಂಬಿ ಯಾರೋ ತೀರ್ಮಾನ ಕೈಗೊಳ್ಳುತ್ತಾರೆ. ಆದ್ದರಿಂದ ಎಚ್ಚರ ಬರೆಯುವವರದೇ.

1. ಹಳೆಯದರಿಂದಲೇ ಭಾಗಿಸಿ. ಹೊಸದರಲ್ಲಿ ಹಳೆಯದನ್ನು ಕಳೆದು, ಹಳೆಯದರಿಂದ ಭಾಗಿಸಿ, 100ರಿಂದ ಗುಣಿಸಿ. ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 2001ರಲ್ಲಿ 5,28,50,562, 2011ರಲ್ಲಿ 6,10,95,297. ಬೆಳವಣಿಗೆ ಶೇ 15.6. ತಪ್ಪಿ 2011ರ ಸಂಖ್ಯೆಯಿಂದ ಭಾಗಿಸಿದರೆ ಶೇ 13.5 ಆಗಿಬಿಡುತ್ತದೆ.

2. ಆವರಣ ಹಾಕಿ. ಕಂಪ್ಯೂಟರ್ ಮೊದಲು ಭಾಗಿಸಿ, ಗುಣಿಸಿ, ಆಮೇಲೆ ಕಳೆಯುತ್ತದೆ. 250 ಇದ್ದದ್ದು 300 ಆದರೆ ಏರಿಕೆ ಶೇ 20. ಆವರಣ ಬಿಟ್ಟರೆ ಉತ್ತರ 200! ಹಳೆಯ ಸಂಖ್ಯೆ 100 ಆಗಿದ್ದರೆ ಆವರಣವಿಲ್ಲದೆಯೂ ಸರಿ ಉತ್ತರವೇ ಬರುತ್ತದೆ. ಹಾಗಾಗಿ 100 ಇಟ್ಟುಕೊಂಡು ಪರೀಕ್ಷಿಸಬೇಡಿ.

3. ಪೂರ್ಣಾಂಕಗಳ ಬಗ್ಗೆ ಜಾಗ್ರತೆ. ಸಿ, ಜಾವಾಗಳಲ್ಲಿ ಎರಡೂ ಪೂರ್ಣಾಂಕವಾದರೆ 50 ಭಾಗಿಸು 250 ಅಂದರೆ ಸೊನ್ನೆ. ಭಾಗಿಸುವ ಮೊದಲೇ ಒಂದನ್ನು ಡಬಲ್‌ಗೆ ಬದಲಿಸಿ. ಪೈಥಾನ್ 3ರಲ್ಲಿ ಈ ತೊಂದರೆಯಿಲ್ಲ.

4. ಸೊನ್ನೆಯನ್ನು ಮೊದಲೇ ತಡೆಯಿರಿ. ಹಳೆಯದು ಸೊನ್ನೆಯಾದರೆ ಪೈಥಾನ್ ಎರರ್ ಕೊಡುತ್ತದೆ, ಜಾವಾಸ್ಕ್ರಿಪ್ಟ್ ‘ಇನ್ಫಿನಿಟಿ’ ಅಥವಾ ‘ನ್ಯಾನ್’ ಎನ್ನುತ್ತದೆ. ಅಲ್ಲಿ 0 ಅಥವಾ 100 ತುರುಕಬೇಡಿ. ‘ಅನ್ವಯಿಸದು’ ಎಂದು ತೋರಿಸಿ.

5. ನಷ್ಟದಿಂದ ಲಾಭಕ್ಕೆ ಬಂದಾಗ ಮಾತಿನಲ್ಲೇ ಹೇಳಿ. 50 ಲಕ್ಷ ನಷ್ಟವಿದ್ದದ್ದು 25 ಲಕ್ಷ ಲಾಭವಾದರೆ ಸೂತ್ರ ಮೈನಸ್ 150 ಎನ್ನುತ್ತದೆ, ಸುಧಾರಣೆ ಕುಸಿತದಂತೆ ಕಾಣುತ್ತದೆ. ಚಿಹ್ನೆ ತೆಗೆದು ಭಾಗಿಸಿದರೆ ದಿಕ್ಕು ಸರಿಹೋಗುತ್ತದೆ. ‘ನಷ್ಟದಿಂದ ಲಾಭಕ್ಕೆ’ ಎಂದು ಬರೆಯುವುದು ಇನ್ನೂ ಒಳ್ಳೆಯದು.

6. ದರಗಳ ವ್ಯತ್ಯಾಸಕ್ಕೆ ಬೇರೆ ಹೆಸರಿಡಿ. 2025ರ ಫೆಬ್ರವರಿಯಲ್ಲಿ ಆರ್‌ಬಿಐ ರೆಪೊ ದರವನ್ನು ಶೇ 6.5ರಿಂದ 6.25ಕ್ಕೆ ಇಳಿಸಿತು. ಇದು 0.25 ಶೇಕಡಾ ಅಂಶಗಳ ಇಳಿಕೆ. ಮೂಲ ದರಕ್ಕೆ ಹೋಲಿಸಿದರೆ ಶೇ 3.85ರಷ್ಟು ಇಳಿಕೆ. ಎರಡನ್ನೂ ಒಂದೇ ವೇರಿಯಬಲ್‌ನಲ್ಲಿ ಬೆರೆಸಬೇಡಿ.

7. ಗುಣಾಕಾರ ಒಮ್ಮೆ ಮಾತ್ರ. ಎಕ್ಸೆಲ್‌ನ ಶೇಕಡಾ ಫಾರ್ಮ್ಯಾಟ್ ತಾನೇ 100ರಿಂದ ಗುಣಿಸಿ ತೋರಿಸುತ್ತದೆ. ನೀವೂ ಗುಣಿಸಿದ್ದರೆ ಶೇ 20 ಇದ್ದದ್ದು 2000 ಆಗುತ್ತದೆ. ದಶಮಾಂಶಗಳನ್ನು ಕೊನೆಯಲ್ಲಿ, ತೋರಿಸುವಾಗಷ್ಟೇ ಕಡಿಮೆ ಮಾಡಿ.

8. ನಾಲ್ಕು ಪರೀಕ್ಷೆ ಆಗದೆ ಕೋಡ್ ಒಪ್ಪಿಸಬೇಡಿ. 250ರಿಂದ 300ಕ್ಕೆ: 20. 300ರಿಂದ 250ಕ್ಕೆ: ಮೈನಸ್ 16.67. 40ರಿಂದ 40ಕ್ಕೆ: 0. ಸೊನ್ನೆಯಿಂದ 5ಕ್ಕೆ: ಅನ್ವಯಿಸದು. ನಾಲ್ಕೂ ಸರಿಬಂದರೆ ಮುಂದುವರಿಯಿರಿ.