ಹಳೆಯ ಕಾರಿನ ಕಿಲೋಮೀಟರ್ ಅಂಕಿ ನಿಂತಾಗ

ಮಡಗಾಂವ್ ಕಡೆ ಹಳೆಯ ಅಂಬಾಸಿಡರ್, ಪದ್ಮಿನಿ ಕಾರು ಇಟ್ಟುಕೊಂಡವರು ಇನ್ನೂ ಇದ್ದಾರೆ. ಅಂಥ ಕಾರಿನ ಕಿಲೋಮೀಟರ್ ಅಂಕಿ ನಿಂತರೆ "ಗಾಡಿ ಓಡಿದರಾಯಿತು" ಎಂದು ಬಿಡಬೇಡಿ. ಆಯಿಲ್ ಬದಲಿಸುವ ಕಾಲ ತಿಳಿಯದೆ ಇಂಜಿನ್ ಸವೆಯುತ್ತದೆ. ಲೀಟರಿಗೆ ಎಷ್ಟು ಓಡಿತೆಂಬ ಲೆಕ್ಕವೂ ತಪ್ಪುತ್ತದೆ.

ಮೊದಲು ವೇಗದ ಮುಳ್ಳನ್ನು ನೋಡಿ. ಮುಳ್ಳೂ ಅಂಕಿಯೂ ಎರಡೂ ನಿಂತಿದ್ದರೆ ದೋಷ ಬಹುತೇಕ ಗೇರ್‌ಬಾಕ್ಸಿನಿಂದ ಬರುವ ಕೇಬಲ್ಲಿನದು. ಕರಾವಳಿಯ ಮಳೆಗಾಲದ ತೇವಕ್ಕೆ ಒಳತಂತಿ ತುಕ್ಕು ಹಿಡಿದು ತುಂಡಾಗುತ್ತದೆ. ಹೊಸದನ್ನು ಹಾಕುವಾಗ ಗ್ರೀಸನ್ನು ತೆಳ್ಳಗೆ ಸವರಿ. ಮೀಟರಿನ ಕಡೆಯ ನಾಲ್ಕು ಬೆರಳಷ್ಟು ಭಾಗಕ್ಕೆ ಹಚ್ಚಲೇಬೇಡಿ. ತಿರುಗುವ ತಂತಿಯೊಡನೆ ಗ್ರೀಸ್ ಮೇಲೇರಿ ಮೀಟರಿನೊಳಗಿನ ಅಯಸ್ಕಾಂತದ ಬಟ್ಟಲಿಗೆ ಅಂಟಿದರೆ ಮುಳ್ಳು ಸುಳ್ಳು ಹೇಳತೊಡಗುತ್ತದೆ.

ಮುಳ್ಳು ಆಡುತ್ತಿದ್ದು ಅಂಕಿ ಮಾತ್ರ ನಿಂತಿದ್ದರೆ ಕೇಬಲ್ ಸರಿಯಿದೆ. ಮುಳ್ಳನ್ನು ಎಳೆಯುವುದು ಅಯಸ್ಕಾಂತ. ಅಂಕಿಗಳನ್ನು ತಿರುಗಿಸುವುದು ಸಣ್ಣ ಹಲ್ಲುಚಕ್ರಗಳು. ಅವುಗಳಲ್ಲೊಂದು ಸಡಿಲಾಗಿಯೋ ಸೀಳಿಯೋ ತನ್ನ ಕಡ್ಡಿಯ ಮೇಲೆ ಸುಮ್ಮನೆ ಜಾರುತ್ತಿರುತ್ತದೆ. ಕಡ್ಡಿಯ ಮೈಯನ್ನು ತುಸು ಒರಟು ಮಾಡಿ ಚಕ್ರವನ್ನು ಬಿಗಿಯಾಗಿ ಕೂರಿಸಬೇಕು. ಇದು ಸುತ್ತಿಗೆಯವರ ಕೆಲಸವಲ್ಲ, ಗಡಿಯಾರ ರಿಪೇರಿಯವರ ಕೈಗೆ ಒಗ್ಗುವಂಥದು. ಚಕ್ರ ಸೀಳಿದ್ದರೆ ಬದಲಿಸಬೇಕು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿರುವುದರಿಂದ ಅನೇಕ ವೇಳೆ ಗುಜರಿಯ ಮೀಟರೇ ಗತಿ. ಅಂಕಿಗಳ ಮೇಲೆ ಎಣ್ಣೆ ಬಿಡುವ ಚಾಳಿ ಬೇಡ.

ದುರಸ್ತಿಯಾದ ಮೇಲೆ ಕಾಣಕೋಣದ ಕಡೆ ಹೋಗುವ ಹೆದ್ದಾರಿ 66ರಲ್ಲಿ ಒಂದು ಕಿಲೋಮೀಟರ್ ಕಲ್ಲಿನ ಬಳಿ ಅಂಕಿ ಬರೆದುಕೊಂಡು, 10 ಕಿಲೋಮೀಟರ್ ಮುಂದಿನ ಕಲ್ಲಿನಲ್ಲಿ ತಾಳೆ ನೋಡಿ. ಬೇರೆ ಮೀಟರ್ ಹಾಕಿಸಿದ್ದರೆ ಹಳೆಯ ಅಂಕಿ, ಹೊಸ ಅಂಕಿ, ತಾರೀಖು ಮೂರನ್ನೂ ಬರೆದಿಡಿ. ಗಾಡಿ ಮಾರುವ ದಿನ ಕೊಳ್ಳುವವರಿಗೆ ಆ ಚೀಟಿಯನ್ನೂ ಕೊಡಿ.