ಐದು ಉದಾಹರಣೆ ಸಾಕೇ? 4294967297ರ ಕತೆ

ಇವತ್ತು ಒಂದೇ ಒಂದು ಸಂಖ್ಯೆಯ ಬಗ್ಗೆ ಮಾತಾಡೋಣ. ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ: 4294967297. ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 297. ಮೂವತ್ತೆರಡು ಎರಡುಗಳನ್ನು ಗುಣಿಸಿ, ಬಂದದ್ದಕ್ಕೆ 1 ಕೂಡಿಸಿದರೆ ಸಿಗುವ ಸಂಖ್ಯೆ ಇದು. ಪ್ರಶ್ನೆ ಇಷ್ಟೇ: ಇದು ಅವಿಭಾಜ್ಯವೇ, ಅಂದರೆ ಪ್ರೈಮ್ ನಂಬರ್ರೇ?

ಫ್ರಾನ್ಸಿನ ಪಿಯರ್ ಡಿ ಫರ್ಮಾ 1640ರಲ್ಲಿ ಒಂದು ಸೊಗಸಾದ ಸಾಲನ್ನು ಗಮನಿಸಿದ್ದರು. 2ರ ಘಾತವಾಗಿ 1, 2, 4, 8, 16 ಹಾಕಿ, ಪ್ರತಿಸಲ 1 ಕೂಡಿಸಿ. ಬರುವುದು 3, 5, 17, 257, 65537. ಐದೂ ಅವಿಭಾಜ್ಯ! ಈ ಸಾಲಿನಲ್ಲಿ ಮುಂದೆ ಬರುವುದೆಲ್ಲ ಹೀಗೇ ಇರುತ್ತದೆ ಎಂದು ಫರ್ಮಾ ನಂಬಿದರು. ಆದರೆ ಸಾಧನೆ ಅವರ ಕೈಯಲ್ಲಿರಲಿಲ್ಲ. ಸಾಲಿನ ಆರನೆಯದೇ ನಮ್ಮ ಸಂಖ್ಯೆ.

ನಾವು ಜೀವಶಾಸ್ತ್ರದವರು. ಲ್ಯಾಬಿನಲ್ಲಿ ಒಂದು ಪ್ರಯೋಗ ಐದು ಸಲವೂ ಒಂದೇ ಉತ್ತರ ಕೊಟ್ಟರೆ ಖುಷಿಯಾಗಿ ಪೇಪರ್ ಬರೆಯೋಕೆ ಕೂರ್ತೀವಿ. ಗಣಿತದಲ್ಲಿ ಅದು ನಡೆಯೋಲ್ಲ.

ಸುಮಾರು ತೊಂಬತ್ತು ವರ್ಷ ಈ ನಂಬಿಕೆ ಹಾಗೇ ಉಳಿಯಿತು. ಪರೀಕ್ಷಿಸೋದು ಸುಲಭವೂ ಅಲ್ಲ. ಸಂಖ್ಯೆಯ ವರ್ಗಮೂಲ ಸುಮಾರು 65536; ಅಲ್ಲಿಯವರೆಗಿನ 6542 ಅವಿಭಾಜ್ಯಗಳಿಂದಲೂ ಕೈಯಲ್ಲೇ ಭಾಗಿಸಿ ನೋಡಬೇಕು. 1732ರಲ್ಲಿ, ಇಪ್ಪತ್ತೈದರ ಹರೆಯದ ಲಿಯೊನಾರ್ಡ್ ಆಯ್ಲರ್ ಉತ್ತರ ಕೊಟ್ಟರು: ಇದು 641ರಿಂದ ಭಾಗವಾಗುತ್ತದೆ. ಇದರ ಹಿಂದಿನ ನಿಯಮವನ್ನೂ ಅವರೇ ಮುಂದೆ ಸಾಧಿಸಿದರು. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಅಂಥ ಅವಿಭಾಜ್ಯಗಳು 193, 257, 449, 577, 641... ಐದನೆಯದಕ್ಕೇ ಬೀಗ ತೆರೆಯಿತು!

ಉದ್ದದ ಭಾಗಾಕಾರವಿಲ್ಲದೆಯೂ ಇದನ್ನು ನೋಡಬಹುದು. 641ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ಗಮನಿಸಿ.

ಒಂದು: 640, ಅಂದರೆ 5 × 2⁷, 641ಕ್ಕೆ ಒಂದು ಕಡಿಮೆ. ಹಾಗಾಗಿ ಅದರ ಶೇಷ −1 ಎನ್ನೋಣ.

ಎರಡು: ಅದರ ನಾಲ್ಕನೇ ಘಾತ 5⁴ × 2²⁸. −1ರ ನಾಲ್ಕನೇ ಘಾತ 1. ಆದ್ದರಿಂದ ಇದರ ಶೇಷ 1.

ಮೂರು: 5⁴ ಅಂದರೆ 625. ಅದು 641ಕ್ಕೆ 16 ಕಡಿಮೆ, ಹಾಗಾಗಿ ಶೇಷ −16, ಅಂದರೆ −2⁴.

ನಾಲ್ಕು: 5⁴ ಇದ್ದ ಜಾಗದಲ್ಲಿ −2⁴ ಇಡಿ. −2³²ರ ಶೇಷ 1 ಎಂದಾಯಿತು. ಹಾಗಾದರೆ 2³²ರ ಶೇಷ −1. ಅದಕ್ಕೆ 1 ಕೂಡಿಸಿದರೆ ಸೊನ್ನೆ.

ಅಂದರೆ ಪೂರ್ತಿ ಭಾಗವಾಯಿತು. 4294967297 = 641 × 6700417.

ಕತೆ ಇಲ್ಲಿಗೆ ಮುಗಿಯಲಿಲ್ಲ. ಈ ಸಾಲಿನಲ್ಲಿ ಇವತ್ತಿಗೂ ಆರನೇ ಅವಿಭಾಜ್ಯ ಸಿಕ್ಕಿಲ್ಲ. ಪರೀಕ್ಷಿಸಿದ್ದೆಲ್ಲ ಒಡೆದಿದೆ. ‘ಹಾಗಾದರೆ ಇನ್ನು ಮುಂದೆ ಸಿಗೋದೇ ಇಲ್ಲ ಬಿಡಿ’ ಅನ್ನಬೇಕು ಅನಿಸುತ್ತದೆ, ಅಲ್ವಾ? ಅದಕ್ಕೂ ಸಾಧನೆ ಇಲ್ಲ. ಫರ್ಮಾ ‘ಎಲ್ಲವೂ’ ಎಂದ ಕಡೆ ನಾವು ‘ಯಾವುದೂ ಇಲ್ಲ’ ಅಂದರೆ, ನಾವೂ ಉದಾಹರಣೆಗಳನ್ನೇ ನೆಚ್ಚಿಕೊಂಡ ಹಾಗಾಯಿತು.

ಮನೆಗೆಲಸ: ಒಂದು ಸಂಖ್ಯೆ ತೆಗೆದುಕೊಂಡು ಅದರ ವರ್ಗಕ್ಕೆ ಅದೇ ಸಂಖ್ಯೆಯನ್ನೂ 41ನ್ನೂ ಕೂಡಿಸಿ. 0ಯಿಂದ 39ರವರೆಗೆ ನಲವತ್ತು ಸಲವೂ ಅವಿಭಾಜ್ಯವೇ ಬರುತ್ತದೆ. ಆಮೇಲೆ 40 ಹಾಕಿ, ಏನಾಗುತ್ತದೆ ನೋಡಿ. ಮನೆಯಲ್ಲಿ ಮಕ್ಕಳಿದ್ದರೆ ಅವರ ಕೈಗೇ ಕೊಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.